ದಣಿವಿಲ್ಲದ ಸಾಬವ್ವ

ಕಾತ್ರಜದ ಆ ದವಾಖಾನೆಯಲ್ಲಿ ಸೂಜಿ ಚುಚ್ಚುವುದು ಡಾಕ್ಟರರ ಕೆಲಸ, ಬಂದವರನ್ನು ಮಾತಾಡಿಸಿ ಬರೆದುಕೊಳ್ಳುವುದು ರಂಜನಾಳ ಕೆಲಸ. ಅಕ್ಯುಪಂಕ್ಚರ್ ಮಾಡಿದಾಗ ದಣಿದವರ ಎದೆಬಡಿತದ ಲಯ ಹೇಗೆ ಬದಲಾಗುತ್ತದೆ, ವಿಶ್ರಾಂತಿ ಪಡೆದವರದು ಹೇಗೆ ಎಂದು ಅಲ್ಲೊಂದು ಪರೀಕ್ಷೆ ನಡೆದಿತ್ತು. ದಣಿದವರು ಕೆಲಸ ಮುಗಿಸಿ ಸಂಜೆ ಬರಬೇಕು, ದಣಿವಿಲ್ಲದವರು ರಜೆಯ ಭಾನುವಾರ ಬೆಳಗ್ಗೆ. ಬರುವವರೆಲ್ಲ ನಾಕಾದ ಚೌಕದಲ್ಲಿ ಕೂಲಿಗೆ ಕಾದು ನಿಲ್ಲುವ ಕಲಬುರ್ಗಿ ಕಡೆಯವರು. ಮರಾಠಿ ಡಾಕ್ಟರರಿಗೆ ಕನ್ನಡ ಬಾರದು; ವಿಜಯಪುರದ ಮನೆತನದ ರಂಜನಾ ಇಲ್ಲದೆ ಅವರ ಬಂಡಿ ಸಾಗುತ್ತಿರಲಿಲ್ಲ.

ಮೊದಲ ಭಾನುವಾರ ಇಟ್ಟಿಗೆ ಹೊರುವ ಸಾಬವ್ವ ಬಂದು, ಚಪ್ಪಲಿ ಹೊರಗೇ ಬಿಟ್ಟು ನಿಂತಳು.

"ಯವ್ವಾ, ದಣಿವು ಏನರ ಅದ ಏನು?"

"ಇಲ್ರೀ ಅಕ್ಕಾರ. ಯಾತರ ದಣಿವು? ಗಟ್ಟಿ ಅದೀನ್ರಿ."

ದಣಿವಿಲ್ಲ ಎಂದು ಬರೆದುಕೊಂಡು ರಂಜನಾ ಅವಳನ್ನು ಭಾನುವಾರದ ಗುಂಪಿಗೆ ಸೇರಿಸಿದಳು. ಎಡವಟ್ಟಿಗೆ ಅಷ್ಟೇ ಸಾಕಾಯಿತು.

ಎದೆಗೆ ವೈರು, ಮುಂಗೈಗೂ ಮೊಣಕಾಲ ಕೆಳಗೂ ಸೂಜಿ. ನಿದ್ದೆ ಮಾಡುವಂತಿರಲಿಲ್ಲ. ಸಾಬವ್ವ ಅರ್ಧ ತಾಸು ಫ್ಯಾನು ನೋಡುತ್ತ ಕೈಕಾಲು ಸಡಿಲ ಬಿಟ್ಟು ಮಲಗುವಳು. ಸೂಜಿ ತೆಗೆದು ಏಳು ಎಂದರೆ ನಾಚಿಕೊಂಡು ಸೆರಗು ಸರಿಮಾಡುವಳು. ಎರಡು ಭಾನುವಾರ ಹೀಗೇ ಹೋಯಿತು.

ಮೂರನೆಯ ಭಾನುವಾರ ಡಾಕ್ಟರರು ಅವಳ ಕಾಗದಗಳನ್ನು ಮುಂದಿಟ್ಟು ಹುಬ್ಬು ಗಂಟಿಕ್ಕಿದರು. ಸೂಜಿ ಬಿದ್ದೊಡನೆ ಇವಳ ಎದೆಬಡಿತ ಸಂಜೆ ಬರುವ ದಣಿದವರದರಂತೆಯೇ ನಡೆಯುತ್ತದೆ, ಸರಿಯಾಗಿ ವಿಚಾರಿಸು ಎಂದರು.

"ಖರೆ ಹೇಳ ಯವ್ವಾ. ಇವತ್ತ ಎಷ್ಟಕ್ಕ ಎದ್ದಿ?"

"ಮೂರಕ್ರಿ. ನಸುಕಿನ್ಯಾಗ ಟ್ಯಾಂಕರ್ ಬರ್ತದಲ್ರಿ. ನೀರ ಹೊತ್ತು, ವಾರದ ಅರಿಬಿ ಒಗದು ಬಂದೀನ್ರಿ."

"ಮತ್ತ ದಣಿವಿಲ್ಲ ಅಂದಿ?"

ಇಷ್ಟೂ ತಿಳಿಯದವಳೇ ಎಂಬಂತೆ ಸಾಬವ್ವ ಅವಳನ್ನು ನೋಡಿದಳು. "ದಿನಾ ಮುಂಜಾನಿ ಕೂಲಿಗೆ ಕರಕೊಂಡ ಹೋಗೋ ಮುಕಾದಮ ಇದನ್ನ ಕೇಳ್ತಾನ್ರಿ. ಹೂಂ ಅಂದವರನ್ನ ಗಾಡಿ ಹತ್ತಸೂದಿಲ್ಲ. ಹದಿನೈದ ವರ್ಷಾತು, ಯಾರ ಕೇಳಿದ್ರೂ ಇಲ್ಲ ಅಂತನ ಬಾಯಿಗೆ ಬರ್ತದ್ರಿ."

ರಂಜನಾ ಅವಳ ಕಾಲು ನೋಡಿದಳು. ತನ್ನದೇ ಕಡೆಯ ಮಾತು ಆಡುವ ಹೆಂಗಸು. ಒಡೆದ ಹಿಮ್ಮಡಿ ಅಂದೂ ಕಣ್ಣೆದುರೇ ಇತ್ತು. ಆದರೂ ಬಾಯಿಮಾತು ನಂಬಿದ್ದಳು! ಡಾಕ್ಟರರ ಬಳಿ ಓಡಿದಳು. ಸಂಜೆಯ ಗುಂಪಿಗೆ ಹಾಕಿಕೊಳ್ಳಿ ಎಂದು ಅಂಗಲಾಚಿದಳು. ಅವರೇನು ಕೆಟ್ಟವರಲ್ಲ, ಆದರೆ ಆ ಗುಂಪು ಭರ್ತಿಯಾಗಿತ್ತು. ನಡುವೆ ಗುಂಪು ಬದಲಿಸಿದರೆ ಪರೀಕ್ಷೆಯೇ ಕೆಡುತ್ತದೆ, ಹೆಸರು ತೆಗೆದುಬಿಡು ಎಂದರು. ಬರೆದ ಕೈಯಿಂದಲೇ ರಂಜನಾ ಹೆಸರಿನ ಮೇಲೆ ಗೀಟು ಎಳೆದಳು.

"ಮುಂದಿನ ಐತವಾರ ಬರೂದು ಬ್ಯಾಡ ಯವ್ವಾ. ತಪ್ಪು ನಂದ."

"ಸೂಜಿ ಬ್ಯಾಡ್ರಿ. ವೈರೂ ಬ್ಯಾಡ್ರಿ. ಸುಮ್ನ ಅರ್ಧ ತಾಸು ಅಡ್ಡಾಗಿ ಹೋಗ್ತೀನಿ. ಮಲಕೋ ಅಂತ ನನಗ ಅಂದವರು ನೀವೊಬ್ಬರ, ಅಕ್ಕಾರ."

ರಂಜನಾ ಒಳಕೋಣೆಯ ಕಡೆ ತಿರುಗಿ ನೋಡಿದಳು. ಒಳಗೆ ಆಯಾ ಆಗಲೇ ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದಳು, ಮುಂದಿನವರು ಕಾಯುತ್ತಿದ್ದರು.

ಸಾಬವ್ವ ಬಾಗಿಲತನಕ ಹೋದವಳು ತಿರುಗಿ ಬಂದಳು. ಮೇಜಿನ ಅಂಚು ಹಿಡಿದು, ಯಾರಾದರೂ ಕೇಳಿಯಾರೆಂದು ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು:

"ದಣದೀನ್ರಿ. ಭಾಳ ದಣದೀನ್ರಿ ಅಕ್ಕಾರ. ಈಗರ ಬರಕೋರಿ."

ರಂಜನಾಳ ಕೈಯಲ್ಲಿ ಪೆನ್ನು ಇತ್ತು. ಬರೆಯಲು, ಗೀಟು ಬಿದ್ದ ಆ ಹೆಸರಿನ ಮುಂದೆ ಜಾಗ ಉಳಿದಿರಲಿಲ್ಲ.