ಡಿಸ್ಕಸ್ ಮುಂದೆ ಅಬೌಟ್ ಬರಲ್ಲ

ಮೂಗೂರಿನ ವಿಶಾಲಮ್ಮನ ಸೊಸೆ ಲಿಖಿತಾ ಬ್ಯಾಂಕ್ ಗುಮಾಸ್ತೆ ಹುದ್ದೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಎರಡು ಸಲವೂ ಕೈಕೊಟ್ಟಿದ್ದು ಇಂಗ್ಲಿಷು. ತಿ. ನರಸೀಪುರದ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದವಳಿಗೆ ಲೆಕ್ಕ ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲೂ ಬಿಡಿ ಪದ ಕೊಟ್ಟರೆ ಥಟ್ಟನೆ ಅರ್ಥ ಹೇಳುತ್ತಿದ್ದಳು. ಎಡವುತ್ತಿದ್ದುದು ಯಾವ ಪದದ ಪಕ್ಕ ಯಾವುದು ಕೂರಬೇಕು ಎಂಬಲ್ಲಿ. ನಾವು ತಪ್ಪನ್ನೂ ಮಾಡುತ್ತೇವೆ, ಹೋಂವರ್ಕನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಮಿಸ್ಟೇಕ್‌ಗೆ ಮೇಕ್, ಹೋಂವರ್ಕ್‌ಗೆ ಡೂ. ಮಳೆ ಹೆವಿಯಾದರೆ ಟೀ ಸ್ಟ್ರಾಂಗು. ಅದರ ಮೇಲೆ ಆನ್, ಅಟ್, ಆಫ್, ಟು ಎಂಬ ಚಿಳ್ಳೆಪಿಳ್ಳೆಗಳ ಕಾಟ ಬೇರೆ.

ಎರಡನೇ ಸಲ ಫಲಿತಾಂಶ ಬಂದ ದಿನ ಲಿಖಿತಾ ಯಾರಿಗೂ ಹೇಳದೆ ಕೊಟ್ಟಿಗೆಗೆ ಹೋಗಿ ಬೂಸ ಕಲೆಸುತ್ತ ಕೂತಳು. ಕಲೆಸಿದ್ದನ್ನೇ ಮತ್ತೆ ಮತ್ತೆ ಕಲೆಸುವುದನ್ನು ನೋಡಿ ವಿಶಾಲಮ್ಮನಿಗೆ ವಿಷಯ ತಿಳಿದುಹೋಯಿತು. ಸಮಾಧಾನದ ಮಾತೇನೂ ಆಡದೆ, ಅದರಲ್ಲಿ ಕಷ್ಟ ಯಾವುದು ಅಂತ ಮಾತ್ರ ಕೇಳಿದರು. ಲಿಖಿತಾ ಮೂಗು ಒರೆಸಿಕೊಂಡು, ಹಾವಿಗೆ ಹೆದರುತ್ತೇನೆ ಅನ್ನಬೇಕಾದರೆ ಅಫ್ರೇಡ್ ಮುಂದೆ ಆಫ್ ಹಾಕಬೇಕಂತೆ, ಯಾಕೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ ಎಂದಳು.

ವಿಶಾಲಮ್ಮ ಓದಿದ್ದು ಕನ್ನಡದಲ್ಲಿ ಏಳನೇ ಕ್ಲಾಸು. ಅವರು ಹೇಳಿದರು: "ಯಾಕೆ ಅಂತ ಕೇಳ್ತಾ ಕುಂತ್ರೆ ಆಯ್ತದಾ? ನಾವು ಬೀಡಿನೂ ಸೇದ್ತೀವಿ, ಬಾವಿ ನೀರೂ ಸೇದ್ತೀವಿ. ಕಾರು ಬುಡ್ತಾರೆ, ಗಾಳಿಪಟ ಬುಡ್ತಾರೆ, ರೀಲೂ ಬುಡ್ತಾರೆ. ನಿಂಗೆ ಯಾರಾದ್ರೂ ಕಾರಣ ಏಳ್ಕೊಟ್ರಾ? ಕೇಳ್ತಾ ಕೇಳ್ತಾ ಬಂತು. ಇದೂ ಅಂಗೇ ಬತ್ತದೆ ಕಣವ್ವ."

ಅತ್ತೆ ಹೇಳಿದ್ದು ಲಿಖಿತಾಳ ತಲೆಗೆ ಹೊಕ್ಕಿತು. ಕಿವಿಗೆ ಬೀಳಬೇಕಾದರೆ ಯಾರಾದರೂ ಹೇಳಬೇಕು. ಗಂಡ ಜಗನ್‌ಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಗೆ ಬಂದರೆ ನಿದ್ದೆ. ಹಾಗಾಗಿ ಹೇಳುವ ಕೆಲಸ ಅತ್ತೆಯ ಪಾಲಿಗೇ ಬಂತು. ಲಿಖಿತಾ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಇಂಗ್ಲಿಷಿನ ಜೋಡಿಪದಗಳನ್ನು ಕನ್ನಡ ಅಕ್ಷರದಲ್ಲೇ ದಪ್ಪಗೆ ಬರೆದಳು. ಬೆಳಗ್ಗೆ, ಸಂಜೆ ಅವಳು ಹಾಲು ಕರೆಯುವಾಗ ವಿಶಾಲಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಮೊದಲ ಪದ ಓದಿ ನಿಲ್ಲಿಸುತ್ತಿದ್ದರು. ಲಿಖಿತಾ ಎರಡನೆಯದನ್ನು ಹೇಳಬೇಕು. ಡಿಪೆಂಡ್ ಅಂದರೆ ಆನ್. ಗುಡ್ ಅಂದರೆ ಅಟ್. ಡಿಸ್ಕಸ್ ಅಂದರೆ ಮುಂದೆ ಏನೂ ಇಲ್ಲ. ಅಬೌಟ್ ಹಾಕಿದರೆ ಒಂದು ಅಂಕ ಹೋಯಿತು. ಆ ಚೀಟಿಯ ಮೇಲೆ ಲಿಖಿತಾ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು.

ಎರಡು ತಿಂಗಳಲ್ಲಿ ನಾನೂರು ಜೋಡಿ ಮುಗಿದವು. ಸೊಸೆಗಿಂತ ಮುಂಚೆ ಅತ್ತೆಗೇ ಬಾಯಿಪಾಠವಾಗಿತ್ತು. ಅರ್ಥ ಅರ್ಧದಷ್ಟಕ್ಕೆ ಮಾತ್ರ ಗೊತ್ತಿತ್ತು. ಆದರೆ ಜೋಡಿ ತಪ್ಪಿದರೆ ತಾಳ ತಪ್ಪಿದ ಭಜನೆ ಕೇಳಿದ ಹಾಗೆ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

ಆ ಹೊತ್ತಿಗೆ ಊರಿನ ಹೆಂಗಸರ ಹಾಲಿನ ಡೈರಿಯಲ್ಲಿ ಹಸುಗಳ ಕೆಚ್ಚಲುಬಾವಿನ ಬಗ್ಗೆ ಒಂದು ತರಬೇತಿ ಇಟ್ಟುಕೊಂಡರು. ಹೇಳಿಕೊಡಲು ಬಂದವರು ಒಡಿಶಾ ಕಡೆಯ ಒಬ್ಬ ಪಶುವೈದ್ಯೆ. ಕನ್ನಡ ಬಾರದು; ಅವರ ಇಂಗ್ಲಿಷನ್ನು ಬಸವೇಶ ಎಂಬ ಹಾಲು ಒಕ್ಕೂಟದ ಮೇಲ್ವಿಚಾರಕ ಕನ್ನಡಕ್ಕೆ ತಿರುಗಿಸುತ್ತಿದ್ದ. ಡಾಕ್ಟರು ಎದ್ದು ನಿಂತು, ಟುಡೇ ವಿ ವಿಲ್ ಡಿಸ್ಕಸ್ ಅಬೌಟ್ ಎಂದು ಶುರುಮಾಡಿದರು.

ಮುಂದಿನ ಸಾಲಿನಲ್ಲಿದ್ದ ವಿಶಾಲಮ್ಮ ಪಕ್ಕದ ಗುರುಬಸಮ್ಮನ ಕಿವಿಗೆ ಹೇಳಿದೆ ಅಂದುಕೊಂಡು ಇಡೀ ಕೋಣೆಗೆ ಕೇಳುವಂತೆ ಹೇಳಿದರು: "ಡಿಸ್ಕಸ್ ಮುಂದೆ ಅಬೌಟ್ ಬರಲ್ಲ."

ಡೈರಿಯ ಕಾರ್ಯದರ್ಶಿಯೂ ಆಗಿದ್ದ ಗುರುಬಸಮ್ಮ ವಿಶಾಲಮ್ಮನ ಸೆರಗು ಜಗ್ಗಿದರು. ಡಾಕ್ಟರು ಆ ಅಮ್ಮ ಏನಂದರು ಎಂದು ಕೇಳಿದರು. ಬಸವೇಶ ಬೆವರು ಒರೆಸಿಕೊಳ್ಳುತ್ತ, ಕುಡಿಯುವ ನೀರು ಎಲ್ಲಿದೆ ಅಂತ ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಒಂದು ಸುಳ್ಳು ಹೇಳಿದ. ವಾಟರ್ ಎಂಬ ಪದ ವಿಶಾಲಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ತಾನು ಕೇಳದ ನೀರು ತನ್ನ ತಲೆಗೆ ಬಂದದ್ದು ಅವರಿಗೆ ಹಿಡಿಸಲಿಲ್ಲ.

"ನೋ ವಾಟರ್ ಮೇಡಂ," ಎಂದರು ಎದ್ದು ನಿಂತು. "ನೋ ಅಬೌಟ್. ಓನ್ಲಿ ಡಿಸ್ಕಸ್."

ಡಾಕ್ಟರು ಮೇಜಿಗೆ ಕೈ ಊರಿಕೊಂಡು ನಕ್ಕರು. ಹೈಸ್ಕೂಲಿನಲ್ಲಿ ಇದೇ ತಪ್ಪಿಗೆ ತಾನು ಬೆಂಚಿನ ಮೇಲೆ ನಿಂತಿದ್ದೆ ಎಂದರಂತೆ. ಬಸವೇಶ ಅದನ್ನು ಕನ್ನಡಕ್ಕೆ ತಿರುಗಿಸಿದ ಮೇಲೆ ಹೆಂಗಸರೆಲ್ಲ ನಕ್ಕರು. ವಿಶಾಲಮ್ಮ ಮಾತ್ರ ನಾಚಿಕೆಯಿಂದ ಸೆರಗು ಬಾಯಿಗಿಟ್ಟು ಕೂತುಬಿಟ್ಟರು. ತರಬೇತಿ ಮುಗಿದಾಗ ಡಾಕ್ಟರೇ ಅವರ ಹತ್ತಿರ ಬಂದು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ವಿಚಾರಿಸಿದರು. ಕೊಟ್ಟಿಗೆಯಲ್ಲಿ ಎಂಬ ಉತ್ತರ ಕೇಳಿ, ಆ ಕೊಟ್ಟಿಗೆಯನ್ನು ನೋಡಲೇಬೇಕೆಂದು ಹೊರಟುಬಂದರು.

ಲಿಖಿತಾ ಸಗಣಿ ಕೈ ತೊಳೆದುಕೊಂಡು ಓಡಿಬಂದಳು. ಓದುವುದು, ಬರೆಯುವುದು ಸರಿ. ಜೀವಮಾನದಲ್ಲಿ ಯಾರೊಂದಿಗೂ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದವಳಲ್ಲ. ಡಾಕ್ಟರು ಹೆಸರು ಕೇಳಿದರು. ಬಸವೇಶನ ಕಡೆ ನೋಡಿದಳು. ಅವನು ಬೇಕೆಂದೇ ಹಸುವಿನ ಕಡೆ ನೋಡುತ್ತಿದ್ದ. ಬೇರೆ ದಾರಿಯಿಲ್ಲದೆ ಹೆಸರು ಹೇಳಿದಳು, ಓದಿದ್ದು ಹೇಳಿದಳು, ಐ ಆಮ್ ಮ್ಯಾರೀಡ್ ವಿತ್ ಜಗನ್ ಅಂದಳು.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅತ್ತೆಯ ದನಿ ಕೇಳಿತು: "ಟು."

"ಮ್ಯಾರೀಡ್ ಟು ಜಗನ್," ಎಂದು ಲಿಖಿತಾ ತಿದ್ದಿಕೊಂಡಳು. ಡಾಕ್ಟರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಲಿಖಿತಾಳಿಗೂ ಬಂತು, ನಗುತ್ತ ನಗುತ್ತ ಹೆದರಿಕೆ ಹೋಯಿತು. ಒಂದು ಗಂಟೆ ಕೂತು ಮಾತಾಡಿದರು. ತಪ್ಪುಗಳು ಬಂದವು, ಇಬ್ಬರಿಗೂ ಬಂದವು. ಹೋಗುವಾಗ ಡಾಕ್ಟರು ತಮ್ಮ ನಂಬರು ಕೊಟ್ಟು, ವಾರಕ್ಕೊಮ್ಮೆ ಫೋನು ಮಾಡು, ಇಂಗ್ಲಿಷಿನಲ್ಲೇ ಮಾತಾಡೋಣ, ಬದಲಿಗೆ ನೀನು ನನಗೆ ಕನ್ನಡ ಹೇಳಿಕೊಡು ಎಂದರು.

ಹಾಗೇ ನಡೆಯಿತು. ಮೂರನೇ ಸಲದ ಪರೀಕ್ಷೆ ಮೈಸೂರಿನಲ್ಲಿ. ವಿಶಾಲಮ್ಮ ಜೊತೆಗೆ ಹೋಗಿ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತರು. ಹೊರಗೆ ಬಂದ ಲಿಖಿತಾ ಬಸ್ ಸ್ಟ್ಯಾಂಡ್ ತನಕ ಪ್ರಶ್ನೆಗಳನ್ನು ಒಪ್ಪಿಸುತ್ತಲೇ ಬಂದಳು. ಬಿಟ್ಟ ಸ್ಥಳ ತುಂಬುವುದರಲ್ಲಿ ಒಂದೇ ಒಂದು ತಪ್ಪಿತ್ತು. ಆ ಜೋಡಿ ನಮ್ಮ ಚೀಟಿಯಲ್ಲಿ ಇರಲಿಲ್ಲ, ಅದು ನನ್ನ ಜವಾಬ್ದಾರಿ ಅಲ್ಲ ಎಂದು ವಿಶಾಲಮ್ಮ ಕೈ ತೊಳೆದುಕೊಂಡರು.

ಪಟ್ಟಿಯಲ್ಲಿ ಲಿಖಿತಾಳ ಹೆಸರು ಬಂತು. ಕೆಲಸ ನಂಜನಗೂಡಿನ ಶಾಖೆಗೆ ಬಿತ್ತು. ಊರಿನ ಹೆಂಗಸರು ಬಂದು ಹೊಗಳಿದಾಗ ಅವಳು ಕಾರಣ ನಮ್ಮತ್ತೆ ಅಂದಳು. ಅತ್ತೆ, ನಾನೇನು ಪರೀಕ್ಷೆ ಬರೆದೆನಾ ಅಂದರು. ಮುಖ ಮಾತ್ರ ದಿನವಿಡೀ ಅರಳಿಕೊಂಡೇ ಇತ್ತು.

ಈಗ ಉಳಿದದ್ದು ಹಾಲು ಕರೆಯುವವರು ಯಾರು ಎಂಬ ಪ್ರಶ್ನೆ. ವಿಶಾಲಮ್ಮನ ಬೆರಳ ಗೆಣ್ಣು ಹಿಡಿದುಕೊಂಡು ಮೂರು ವರ್ಷವಾಗಿತ್ತು. ಗದ್ದೆ ಬಿಟ್ಟರೆ ಬೇರೆ ಕೆಲಸ ಮುಟ್ಟದ ಅವರ ಗಂಡ ರಂಗಸ್ವಾಮಿ, ಸೊಸೆ ಕೆಲಸಕ್ಕೆ ಸೇರುವ ಹಿಂದಿನ ದಿನ ಸಂಜೆ ಯಾರೂ ಕೇಳದೆಯೇ ಪಂಚೆ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಗೆ ಬಂದರು. ಹಸು ಒಮ್ಮೆ ತಿರುಗಿ ಅವರನ್ನು ಮೇಲಿಂದ ಕೆಳಗೆ ನೋಡಿತು.

"ಎಳೀಬ್ಯಾಡಿ," ಎಂದರು ವಿಶಾಲಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು. "ಮೆತ್ತಗೆ ಇಂಡಿ."

ಮೊದಲ ದಿನ ಅರ್ಧ ಲೋಟ ಹಾಲಿಳಿಯಿತು. ಎಲ್ಲರೂ ಅದರಲ್ಲೇ ಕಾಫಿ ಕುಡಿದರು.