ಅವ್ವಣ್ಣನ ಖುರ್ಚಿ

ನನಗ ಶಾಲು ಹೊದಿಸ್ತಾರಂತ ಕಾಗದ ಬಂದಾಗ ನಾ ಮೊದಲು ನಕ್ಕಬಿಟ್ಟೆ. ಮೂವತ್ತಾರು ವರ್ಷ ಸತ್ತವರ ಅರಿವಿಗೆ ಇಸ್ತ್ರಿ ಮಾಡಿದಾಕಿಗೆ ಎಂಥಾ ಸನ್ಮಾನರಿ?

ಸ್ವಾರಗೇಟ ಹತ್ರ ನಮ್ಮ ಮಾಜಿ ಸೈನಿಕರ ಪರಂಪರಾ ಸಂಘ ಅದ. ಪುಣೆದಾಗ ನೆಲಿ ನಿಂತ ಕನ್ನಡದ ಫೌಜಿ ಮಂದಿ ಕಟ್ಟಿದ್ದು. ಹಿಂದಿನ ಖೋಲಿಯೊಳಗ ಮೂವತ್ತೊಂದು ಯುನಿಫಾರ್ಮ್ ಅವ, ಎಲ್ಲಾ ಗಡಿ ಕಾಯೂವಾಗ ಸತ್ತವರವು. ಅವಕ್ಕ ಗುಂಡಿ ಹಚ್ಚೂದು, ನುಸಿ ಹತ್ತಬಾರದಂತ ಡಾಂಬರ್ ಗುಳಿಗಿ ಇಡೂದು, ಬಿಸಲಿಗೆ ಹಾಕೂದು ನನ್ನ ಕೆಲಸ. ವರ್ಷಕ್ಕೊಮ್ಮೆ ಸಂಘದ ದಿನ ಅವನ್ನೆಲ್ಲಾ ಮುಂದಿನ ಸಾಲಿನ ಖುರ್ಚಿ ಮ್ಯಾಲೆ ಕೂಡಸ್ತೀವಿ. ಅಂಗಿ ಬೆನ್ನಿಗೆ, ಪ್ಯಾಂಟು ಕೆಳಗ, ಟೋಪಿ ತೊಡಿ ಮ್ಯಾಲೆ. ಬದುಕಿದವರು ಹಿಂದ ಕೂಡ್ತಾರ. ಫ್ಯಾನ್ ಹಚ್ಚಿದ್ರ ಅಂಗಿ ಉಬ್ಬತಾವ, ಹೊಸಬರು ನೋಡಿ ಬೆವರ್ತಾರ.

ಆ ಸಾಲಿನಾಗ ನನ್ನ ಗಂಡ ಅವ್ವಣ್ಣನ ಯುನಿಫಾರ್ಮ್ ಇಲ್ಲ. ನಲವತ್ತು ವರ್ಷದ ಹಿಂದ ಹಿಮದ ಗುಡ್ಡದ ಚೌಕಿಯಿಂದ ಹೇಳದ ಕೇಳದ ಓಡಿ ಹೋದ ಅಂತ ಫೌಜಿನ ಕಾಗದದಾಗ ಬರದಾರ. ಆಗ ನಂಗ ಇಪ್ಪತ್ತೆರಡು, ಮದುವಿ ಆಗಿ ಹದಿನಾಲ್ಕು ತಿಂಗಳು. ಪುಣೆದಾಗ ಅಣ್ಣನ ಮನಿ ಸೇರಿದೆ. ಅದೇ ಚೌಕಿಯ ಸುಬೇದಾರ ಶಿವಪುತ್ರಪ್ಪನವರು ನಿವೃತ್ತಿ ಆಗಿ ಇಲ್ಲಿಗೆ ಬಂದು, ಸಂಘದ ಅಧ್ಯಕ್ಷರಾಗಿ, ನನ್ನ ಕರದು ಈ ಕೆಲಸ ಕೊಟ್ರು. ಓಡಿ ಹೋದವನ ಹೆಂಡ್ತಿ ಅಂತ ಮಂದಿ ಬೆನ್ನ ಹಿಂದ ಅಂತಿದ್ರು. ನನ್ನ ಗಂಡ ಓಡೋ ಪೈಕಿ ಅಲ್ಲ ಅಂತ ಅಂದವರ ಮಾರಿಗೆ ಹೊಡದಂಗ ಹೇಳ್ತಿದ್ದೆ. ನಾ ಹಂಗ ಅಂದಾಗೊಮ್ಮೆ ಸಾಹೇಬ್ರು ನೆಲ ನೋಡ್ತಿದ್ರು. ಪಾಪ, ಸಂಭಾವಿತರು ಅಂದ್ಕೊಂಡಿದ್ದೆ.

ಇನ್ನೊಂದು ಮಾತು, ನಂಬ್ರಿ ಬಿಡ್ರಿ. ಮಧ್ಯಾಹ್ನ ಇಸ್ತ್ರಿ ಮಾಡುವಾಗ ಖೋಲಿ ಬಾಗಲದಾಗ ಯಾರೋ ಬಂದು ನಿಂತಂಗ ಆಗ್ತಿತ್ತು. ಬೂಟಿನ ಸಪ್ಪಳ, ಆಮ್ಯಾಲೆ ತೊಯ್ದ ಉಣ್ಣಿ ಬಟ್ಟಿ ವಾಸನಿ. ಒಳಗ ಮಾತ್ರ ಬರತಿದ್ದಿಲ್ಲ. ಮೂವತ್ತೊಂದು ಮಂದಿಗೆ ಜಾಗಾ ಅದ, ಅವಂಗಿಲ್ಲ, ಹೆಂಗ ಬಂದಾನು? ನಾ ಒಮ್ಮೆನೂ ತಿರುಗಿ ನೋಡಲಿಲ್ಲ. ಬೆನ್ನು ಕೊಟ್ಟು ನಿಂತು ಅಂಗಿ ಮಡಚತಿದ್ದೆ.

ಕಾಗದ ಬಂದ ಕೂಡ್ಲೇ ಸಂಘದ ಕಾರ್ಯದರ್ಶಿ ಧರ್ಮರಾಜನ ಹಂತ್ಯಾಕ ಹೋದೆ. "ಶಾಲು ಬ್ಯಾಡೋ ತಮ್ಮಾ. ಅವ್ವಣ್ಣನ ಹೆಸರಿಗೆ ಒಂದು ಖುರ್ಚಿ ಹಾಕು, ಅಷ್ಟ ಸಾಕು."

"ನಿಯಮ ಅದರಿ ಮಾವಶಿ. ಕಾಗದದಾಗ ಹುತಾತ್ಮ ಅಂತ ಇರಬೇಕು. ಸುಬೇದಾರ ಸಾಹೇಬ್ರ ಮಾಡಿದ ನಿಯಮ."

"ಸಾಹೇಬ್ರ ನಿಯಮ ಸಾಹೇಬ್ರಿಗೇ ಇರಲಿ," ಅಂದು ಎದ್ದು ಬಂದೆ. ಸಿಟ್ಟು ನೆತ್ತಿಗೇರಿತ್ತು.

ಅವ್ವಣ್ಣ ರಜಾಕ್ಕ ಬಂದಾಗ ಬಿಟ್ಟು ಹೋದ ಒಂದು ಜೋಡಿ ಯುನಿಫಾರ್ಮ್ ಟ್ರಂಕಿನೊಳಗ ಇತ್ತು. ಸನ್ಮಾನದ ದಿನ ಮುಂಜಾನೆ ಅದಕ್ಕ ಇಸ್ತ್ರಿ ಮಾಡಿ, ಚೀಲದಾಗ ಹಾಕ್ಕೊಂಡು ಹೋದೆ. ವೇದಿಕೆ ಮ್ಯಾಲೆ ನನಗಂತ ಹೂವು ಕಟ್ಟಿದ ಖುರ್ಚಿ ಇಟ್ಟಿದ್ರು. ಅದರ ಮ್ಯಾಲೆ ಅವ್ವಣ್ಣನ್ನ ಕೂಡಿಸಿದೆ. ಅಂಗಿ, ಪ್ಯಾಂಟು, ಟೋಪಿ. ನಾ ಬಾಜೂಕ ನಿಂತೆ.

ಧರ್ಮರಾಜ ಓಡಿ ಬಂದ. ಗಾಬರಿಗೆ ಮರಾಠಿಗಿಳದು, "ಅಹೋ ಮಾವಶಿ, ಹೇ ಕಾಯ್?" ಅಂದ, ಇದೇನಂತ. ನಾ ಅವನ ಕಡೆ ನೋಡಲಿಲ್ಲ. ಉಪ್ಪಿಟ್ಟು, ಕಾಫಿ ತಂದ ಹೋಟೆಲಿನ ಸಂಕಪ್ಪ ಶೆಟ್ರು ಪಾತೇಲಿ ಹಿಡಕೊಂಡು ಬಾಗಲದಾಗ ಹಂಗ ನಿಂತ್ರು.

ಅಷ್ಟರಾಗ ಕರೆಂಟು ಹೋತು. ಫ್ಯಾನ್ ಎಲ್ಲಾ ನಿಂತವು. ಸಾಹೇಬ್ರು ಶಾಲು ಹಿಡಕೊಂಡು ನನ್ನ ಕಡೆ ಬರಾಕತ್ತಿದ್ರು, ಎಂಬತ್ತು ದಾಟಿದ ಕಾಲು, ಸಣ್ಣ ಸಣ್ಣ ಹೆಜ್ಜಿ. ಅವರ ಹಿಂದ ಇನ್ನೊಂದು ಹೆಜ್ಜಿ ಸಪ್ಪಳ ಮೆಟ್ಟಲಾ ಏರಿ ಬಂತು. ಆ ವಾಸನಿ ಮೂಗಿಗೆ ಬಡೀತು. ಖುರ್ಚಿ ಮ್ಯಾಲಿನ ಅಂಗಿ ಎದಿ ಹತ್ರ ನಿಧಾನ ಉಬ್ಬಿತು, ಇಳೀತು. ಮತ್ತ ಉಬ್ಬಿತು.

ಸಾಹೇಬ್ರೂ ಅದನ್ನ ನೋಡಿದ್ರು. ಶಾಲು ಕೈಯಿಂದ ಜಾರಿ ಬಿತ್ತು. ನನಗಲ್ಲ, ಆ ಅಂಗಿಗೆ ಹೇಳಿದ್ರು, "ಹೇಳ್ತೀನಿ ಅವ್ವಣ್ಣಾ. ಇವತ್ತ ಹೇಳ್ತೀನಿ."

ಆಮ್ಯಾಲೆ ಸಭಾದ ಕಡೆ ತಿರುಗಿದ್ರು. "ಇಂವ ಓಡಿ ಹೋಗಲಿಲ್ಲ. ಕೆಳಗಿನ ಚೌಕಿಯೊಳಗ ನನ್ನ ರೇಡಿಯೋ ಬಿಟ್ಟು ಬಂದಿದ್ದೆ. ಮ್ಯಾಚಿನ ಕಾಮೆಂಟ್ರಿ ಕೇಳೂ ಹುಚ್ಚು. ಹಿಮ ಬೀಳಾಕತ್ತಿತ್ತು, ಆದರೂ ಹೋಗಿ ತಗೊಂಡು ಬಾ ಅಂದೆ. ಇವ ದಾರಿ ಅರ್ಧಕ್ಕಿದ್ದಾಗ ಗುಡ್ಡದ ಹಿಮ ಕುಸದು ಬಿತ್ತು. ನಾ ಮ್ಯಾಲೆ ನಿಂತು ಕಣ್ಣಾರೆ ನೋಡೀನಿ. ಹೆಣಾ ಸಿಗಲಿಲ್ಲ. ನನ್ನ ನೌಕರಿ ಹೋದೀತಂತ ಹೆದರಿ, ಓಡಿ ಹೋದ ಅಂತ ಬರದು ಕೊಟ್ಟೆ."

ಧರ್ಮರಾಜ ತಾನ ಒಂದು ಖುರ್ಚಿ ಎತ್ತಿಕೊಂಡು ಹೋಗಿ ಮುಂದಿನ ಸಾಲಿಗೆ ಹಾಕಿದ. ಅವ್ವಣ್ಣನ ಅರಿವಿ ಎರಡೂ ಕೈಲೆ ಎತ್ತಿ ಅದರ ಮ್ಯಾಲೆ ಕೂಡಿಸಿದ. ಹಿಂದಿನ ಮುದುಕರೆಲ್ಲಾ ಎದ್ದು ಸೆಲ್ಯೂಟ್ ಹೊಡದ್ರು. ನಾ ಕೇಳಿದ್ದೆಲ್ಲಾ ಸಿಕ್ಕಿತ್ತು.

ನಾ ಕೇಳಿದ್ದು ಮಂದಿ ಬಾಯಿ ಮುಚ್ಚಿಸಾಕ. ಬಾಯಿಲೆ ನಾ ಏನರ ಅಂತಿರಲಿ, ಹೊಟ್ಟ್ಯಾಗ ಬ್ಯಾರೇನ ಇತ್ತು. ಓಡಿ ಹೋಗಿದ್ರ ಎಲ್ಲೋ ಒಂದು ಕಡೆ ಇರ್ತಾನ. ಇನ್ನೊಬ್ಬಾಕಿನ್ನ ಕಟ್ಕೊಂಡಿರ್ತಾನ, ಹಲ್ಲು ಬಿದ್ದು ಚಹಾದಾಗ ಪಾವ್ ಬ್ರೆಡ್ಡು ಅದ್ದಿ ತಿಂತಿರ್ತಾನ. ತಿನ್ನಲಿ. ಆ ಒಂದು ಆಸೆಯಿಂದ ನಲವತ್ತು ವರ್ಷ ದಿನಾ ಮುಂಜಾನೆ ಹಣಿಗೆ ಕುಂಕುಮ ಹಚ್ಕೊಂಡೀನಿ. ಬಾಗಲದಾಗ ನಿಂತವನ್ನ ತಿರುಗಿ ನೋಡಿದ್ರ ಸತ್ತಾನ ಅಂತ ಒಪ್ಪಬೇಕಾಗ್ತಿತ್ತು, ಅದಕ್ಕ ನೋಡಲಿಲ್ಲ.

ಸಾಹೇಬ್ರು ನನ್ನ ಕಾಲ ಹತ್ರ ಕುಸದು ಕುಂತಿದ್ರು. "ತಂಗೀ, ಏನು ಶಿಕ್ಷಾ ಕೊಡ್ತಿ ಕೊಡು."

ನಾನೂ ಕೆಳಗ ಕುಂತೆ. ಅವರ ಎರಡೂ ಕೈ ಹಿಡದೆ.

"ಓಡಿ ಹೋದ ಅಂತ ಇನ್ನೊಮ್ಮೆ ಹೇಳ್ರಿ ಅಣ್ಣಾರ," ಅಂದೆ.