ಮಸಿ ಉರಿಯುವಷ್ಟು ಬಿಸಿ

ಆಸ್ಪತ್ರೆ ಬಸ್ಸಿನ ಹೊಗೆಕೊಳವೆಯ ಫಿಲ್ಟರು ಮತ್ತೆ ಕಟ್ಟಿಕೊಂಡಿತ್ತು. ಬೇರೆ ಬಸ್ಸುಗಳವು ಬೆಳ್ಳಗಿದ್ದರೆ ಇದೊಂದು ಮಾತ್ರ ಸೌದೆ ಒಲೆಯ ಪಾತ್ರೆಯ ತಳದ ಹಾಗೆ ಕರ್ರಗೆ. ಆ ಪಿಂಗಾಣಿ ಫಿಲ್ಟರಿನ ಸಾವಿರಾರು ತೂತುಗಳಿಗೆ ಲೇಪ ಹಿಡಿಸಿ ಕುಲುಮೆಯಲ್ಲಿ ಸುಟ್ಟವಳು ತಂಗಿ. ಬಸ್ಸು ಓಡಿಸುವವಳು ಅಕ್ಕ. ಡೀಸೆಲ್ ಹೊಗೆಯ ಮಸಿಯನ್ನು ಅಲ್ಲೇ ಹಿಡಿದು ಉರಿಸಿಬಿಡುವುದು ಆ ಲೇಪದ ಕೆಲಸ.

“ಇನ್ನೊಂದ್ಸಲ ಹೀಗಾದ್ರೆ ಡ್ರೈವರನ್ನೇ ಬದಲಾಯಿಸ್ತೀನಿ,” ಎಂದ ಡಿಪೋ ಮೇಲ್ವಿಚಾರಕ. ಒಂಟಿ ಅಕ್ಕನಿಗೆ ಆ ಬಸ್ಸೇ ಸಂಸಾರ.

ತಂಗಿ ಲೇಪವನ್ನು ಮತ್ತೆ ಮತ್ತೆ ಪರೀಕ್ಷಿಸಿದಳು, ಕೂದಲೆಳೆಯಷ್ಟೂ ಹುಳುಕಿಲ್ಲ. ಕೊನೆಗೆ ಒಂದು ಬೆಳಿಗ್ಗೆ ತಾನೇ ಬಸ್ಸು ಹತ್ತಿ ಕುಳಿತಳು. ಆಗ ತಿಳಿಯಿತು. ಹೊಲಿಗೆ ಇನ್ನೂ ಮಾಯದ ರೋಗಿಗಳು ಕುಲುಕಬಾರದೆಂದು ಅಕ್ಕ ಬಸ್ಸನ್ನು ತೊಟ್ಟಿಲಿನ ಹಾಗೆ ನಡೆಸುತ್ತಿದ್ದಳು. ನಿಂತಲ್ಲೆಲ್ಲ ಎಂಜಿನ್ ಆಫ್. ಹೊಗೆ ಕಾಯುವುದಾದರೂ ಹೇಗೆ? ಲೇಪ ಎಷ್ಟೇ ಚುರುಕಾಗಿರಲಿ, ತುಸು ಕಡಿಮೆ ಬಿಸಿಯಲ್ಲೂ ಮಸಿಯನ್ನು ಉರಿಸಬಲ್ಲದೇ ಹೊರತು ಬಿಸಿಯನ್ನೇ ಹುಟ್ಟಿಸಲಾರದು.

“ಖಾಲಿ ಬಸ್ಸು ತಗೊಂಡು ಹೆದ್ದಾರೀಲಿ ಒಂದ್ಸಲ ಜೋರಾಗಿ ಓಡಿಸು ಅಕ್ಕ.”

“ನಂಗೆ ಜೋರು ಬರಲ್ಲ ಕಣೇ.”

ನಿಜವೇ. ಅಕ್ಕ ಎಲ್ಲವನ್ನೂ ನುಂಗಿಕೊಂಡು ಬೆಳೆದವಳು. ಅಮ್ಮ ತೀರಿಕೊಂಡಾಗಲೂ ಒಂದು ಬಿರುಸು ಮಾತಾಡಿದವಳಲ್ಲ. ಬಾಯಿಗೆ ಬೆರಳಿಟ್ಟರೂ ಕಚ್ಚದವಳು ಎಂದು ನೆಂಟರು ಹೊಗಳುತ್ತಿದ್ದರು. ಅವರಿಗೇನು, ಬೆರಳು ಕ್ಷೇಮವಾಗಿತ್ತಲ್ಲ!

ರೋಗಿಗಳನ್ನೆಲ್ಲ ಇಳಿಸಿ ಇಬ್ಬರೇ ಹೊರಟರು. ಊರು ದಾಟಿದ ಮೇಲೆ ಅಕ್ಕ ಪೆಡಲ್ ಒತ್ತಿದಳು. ಖಾಲಿ ಸೀಟುಗಳು ಗಡಗಡ ನಡುಗಿದವು. ಹೊಗೆಯ ಬಿಸಿ ಅಳೆಯುವ ಮೀಟರು ತಂಗಿಯ ಮಡಿಲಲ್ಲಿತ್ತು. ಅದರ ಮುಳ್ಳು ಮೆಲ್ಲಗೆ ಏರತೊಡಗಿತು.

“ಇನ್ನೂ ಜೋರು!”

“ಜೋರು ಬೇಕಾ?” ಅಕ್ಕನ ದನಿ ಎಂಜಿನ್ನನ್ನೂ ಮೀರಿಸಿತು. “ಅಮ್ಮ ಕೊನೇ ದಿನ ನಿನ್ನನ್ನೇ ಕೇಳ್ತಿದ್ಲು. ಕುಲುಮೆ ಹಚ್ಚಿದೀನಿ, ಬಿಟ್ಟು ಬರೋಕಾಗಲ್ಲ ಅಂದೆ! ನಾನೊಬ್ಳೇ ಇದ್ದೆ ಕಣೇ, ನಾನೊಬ್ಳೇ!”

ತಂಗಿ ಬಾಯಿ ತೆರೆದಳು. ಸಮಜಾಯಿಷಿ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಆಡಲಿಲ್ಲ. ಕಣ್ಣು ತುಂಬಿ ಮುಳ್ಳು ಕಾಣದಾಯಿತು.

“ಹೌದಕ್ಕ. ನಾನು ಬರ್ಬೇಕಿತ್ತು.”

ಅಕ್ಕ ಅಳುತ್ತಲೇ ಓಡಿಸಿದಳು. ವೇಗ ಇಳಿಸಲಿಲ್ಲ.

ಡಿಪೋಗೆ ಮರಳಿ, ತಣ್ಣಗಾದ ಮೇಲೆ ಬಿಚ್ಚಿದರೆ ಫಿಲ್ಟರು ಬೆಳ್ಳಗಾಗಿತ್ತು. ಮೇಲ್ವಿಚಾರಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಬಸ್ಸಿನ ಕೀಲಿಯನ್ನು ಅಕ್ಕನಿಗೇ ಕೊಟ್ಟ.

“ಆಗಾಗ ಹೀಗೆ ಓಡಿಸ್ತಿರ್ಬೇಕು ಅಕ್ಕ,” ಎಂದಳು ತಂಗಿ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀನೂ ಬಾ. ನನ್ನೊಳಗೆ ಇನ್ನೂ ಇದೆ.”